ಚಳಿಗಾಲದ ಕೋಳಿಗೂಡು: ಗಾಳಿ ಎಲ್ಲಿ ಬೇಕು, ಎಲ್ಲಿ ಬೇಡ?

ಚಳಿ ಅಂತ ಕೋಳಿಗೂಡಿಗೆ
ನಾಲ್ಕೂ ಕಡೆ ಟಾರ್ಪಾಲ್ ಕಟ್ಟಿಬಿಟ್ರಾ?
ಬೆಳಗ್ಗೆ ಬಾಗಿಲು ತೆಗೆದ್ರೆ ಕಣ್ಣು ಉರಿಯುತ್ತಾ?

ಕೇಳಿ.
ಕೋಳಿಯ ಮೈಬಿಸಿಯೇ ಸುಮಾರು 41 ಡಿಗ್ರಿ.
ಗರಿ ಉಬ್ಬಿಸಿ ಕೂತ್ರೆ, ಆ ಬಿಸಿ ಒಳಗೇ ಉಳಿಯುತ್ತೆ.
ಬೆಳೆದ ನಾಟಿ ಕೋಳಿ, ಗಿರಿರಾಜ ತಳಿಯ ಕೋಳಿ,
ಬೀದರ್‌ನ ಡಿಸೆಂಬರ್ ಚಳಿಯನ್ನೂ ತಡ್ಕೊಳ್ತವೆ.

ತಡ್ಕೊಳ್ಳೋಕೆ ಆಗದೇ ಇರೋದು, ತೇವ.

ರಾತ್ರಿಯಿಡೀ ಉಸಿರಾಡ್ತವೆ, ಹಿಕ್ಕೆ ಹಾಕ್ತವೆ.
ಎರಡರಲ್ಲೂ ನೀರಿದೆ.
ಅನ್ನ ಬೇಯುವಾಗ ಮುಚ್ಚಳದ ಒಳಗೆ ಹನಿ ಕಟ್ಟುತ್ತಲ್ಲ?
ಗೂಡಿನ ತಗಡಿನ ಕೆಳಗೂ ಹಾಗೇ ಕಟ್ಟುತ್ತೆ.
ತೊಟ್ಟಿಕ್ಕಿ, ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆ.
ಒದ್ದೆ ಹಿಕ್ಕೆಯಿಂದ ಅಮೋನಿಯಾ.
ನಿಮ್ಮ ಮೂಗಿಗೇ ಘಾಟು ಬಡಿದ್ರೆ,
ಇಡೀ ರಾತ್ರಿ ಅದನ್ನೇ ಉಸಿರಾಡಿದ ಕೋಳಿ
ಎಷ್ಟು ಸಂಕಟಪಟ್ಟಿರಬೇಕು!

ಹಾಗಾದ್ರೆ ಟಾರ್ಪಾಲ್ ಬೇಡ್ವಾ?
ಬೇಕು. ಆದ್ರೆ ಕೆಳಗಿನಿಂದ ಮೇಲಕ್ಕೆ ಕಟ್ಟಿ.
ಕೋಳಿ ಕೂರೋ ಎತ್ತರಕ್ಕಿಂತ ಸ್ವಲ್ಪ ಮೇಲಿನವರೆಗೆ
ಸಂದಿಲ್ಲದ ಹಾಗೆ ಮುಚ್ಚಿ.
ಸೂರಿನ ಕೆಳಗೆ ಒಂದು ಗೇಣು ಬಿಡಿ.
ಬಿಸಿಯಾದ ತೇವದ ಗಾಳಿ ಮೇಲೇರಿ
ಅಲ್ಲಿಂದ ಹೊರಗೆ ಹೋಗುತ್ತೆ.

ಸರಿಯಾಗಿದೆಯಾ ಅಂತ ನೋಡ್ಬೇಕಾ?
ಕೋಳಿ ಕೂರೋ ಜಾಗದಲ್ಲಿ ಅಗರಬತ್ತಿ ಹಿಡೀರಿ.
ಹುಷಾರು, ಹೊಟ್ಟಿನ ಮೇಲೆ ಕಿಡಿ ಬೀಳಬಾರದು.
ಹೊಗೆ ನೆಟ್ಟಗೆ ಮೇಲೆ ಹೋದ್ರೆ ಒಳ್ಳೇದು.
ಅಡ್ಡಕ್ಕೆ ಓಡಿದ್ರೆ, ಎಲ್ಲೋ ಸಂದಿದೆ.
ಹುಡುಕಿ ಮುಚ್ಚಿ.

ಭತ್ತದ ಹೊಟ್ಟು ಆಗಾಗ ಕೆದಕಿ,
ಒದ್ದೆಯಾಗಿ ಗಟ್ಟಿಯಾದದ್ದನ್ನ ತೆಗೆದು ಬಿಸಾಕಿ.

ಮರಿಗಳದ್ದು ಬೇರೆ ಲೆಕ್ಕ.
ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು.
ಬಿಸಿ ಕೊಡೋ ಬಲ್ಬ್ ಹಾಕಿ.
ಮುಚ್ಚಿದ ಗೂಡಲ್ಲಿ ಕೆಂಡ ಮಾತ್ರ ಇಡಬೇಡಿ, ದಯವಿಟ್ಟು.
ಅದರ ವಿಷಗಾಳಿಗೆ ವಾಸನೆಯೇ ಇರಲ್ಲ.