ಚೊಚ್ಚಲ ಹೆರಿಗೆ

ಚೊಚ್ಚಲ ಹೆರಿಗೆಯ ನೋವು ಒಮ್ಮೆಲೇ ಎರಗುವಂಥದಲ್ಲ. ನಮ್ಮ ದೇವರಮನೆಯ ಮಳೆಯಂತೆ ಬರುತ್ತದೆ, ಬಿಡುವು ಕೊಡುತ್ತದೆ, ಮತ್ತೆ ಬಲವಾಗಿ ಬರುತ್ತದೆ. ಪ್ರತಿಸಲ ಗರ್ಭಕೋಶ ಬಿಗಿದಾಗಲೂ ಅದರ ಬಾಯಿ ಕೊಂಚಕೊಂಚವೇ ತೆರೆಯುತ್ತದೆ. ಸುಮಾರು 10 ಸೆಂಟಿಮೀಟರ್ ತೆರೆದ ಮೇಲೆಯೇ ಮಗುವಿಗೆ ದಾರಿ. ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಅಳತೆ ಎಲ್ಲ ತಾಯಂದಿರಿಗೂ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ತಿಳಿಸಿತು. 5 ಸೆಂಟಿಮೀಟರ್ ಆದ ಬಳಿಕವೂ ಚೊಚ್ಚಲಿಗೆ 12 ಗಂಟೆಯವರೆಗೆ ಹಿಡಿಯಬಹುದು. ತಾಯಿ-ಮಗು ಕ್ಷೇಮವಾಗಿದ್ದರೆ ನಿಧಾನವೊಂದೇ ದೋಷವಲ್ಲ.

ಆದರೆ ಆ ನಿಧಾನವನ್ನು ಬೆಟ್ಟದ ಮೇಲೆಯೇ ಕಳೆಯುವಂತಿಲ್ಲ. ತವರಿಗೆ ಬಂದಿದ್ದ ನನಗೆ ನಸುಕಿನಲ್ಲಿ ಸೊಂಟದಿಂದ ನೋವು ಎದ್ದಿತು. "ಚೊಚ್ಚಲು, ಇನ್ನೂ ಹೊತ್ತುಂಟು" ಎಂದರು ಅಜ್ಜಿ. "ಹೊತ್ತಿರುವಾಗಲೇ ಹೊರಡೋಣ" ಎಂದೆ. ಮಂಜು ಕವಿದ ತಿರುವುಗಳಲ್ಲಿ, ನೋವಿನ ನಡುವಣ ಬಿಡುವಿನಲ್ಲಿ ಸುಧಾರಿಸಿಕೊಳ್ಳುತ್ತ ಮೂಡಿಗೆರೆ ತಲುಪಿದೆ. ಮಗು ಅತ್ತದ್ದು ನಡುರಾತ್ರಿ.

ನೋವಿಗೆ ಕ್ರಮ ಬಂದರೆ, ನೀರು ಹೋದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕುಗ್ಗಿದರೆ ತಡಮಾಡಬಾರದು. 108 ವಾಹನ ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ಅದೂ ಇದೇ ಏರು ಹತ್ತಿ ಬರಬೇಕು. ಚೊಚ್ಚಲು ಕೊಡುವ ಹೊತ್ತನ್ನು ಬೆಟ್ಟದವರು ದಾರಿಗೆಂದೇ ಲೆಕ್ಕ ಹಿಡಿಯಬೇಕು.