ಕೆಸರು ತಿನ್ನುವ ಬ್ರೇಕ್ ಪ್ಯಾಡ್

ಮಳೆಗಾಲದಲ್ಲಿ ಸಕಲೇಶಪುರದ ಕಾಫಿ ತೋಟಗಳ ಇಳಿಜಾರಿನಲ್ಲಿ ಓಡಾಡಿ ಬಂದ ಬೈಕಿನ ಡಿಸ್ಕ್ ಮೇಲೆ ಕೆಸರು ಮೆತ್ತಿರುತ್ತದೆ. ಅದರೊಳಗೆ ಬೆಣಚುಕಲ್ಲಿನ ಸಣ್ಣ ಪುಡಿ ಸೇರಿರುತ್ತದೆ. ಗಡಸುತನದ ಮೋಸ್ ಮಾಪಕದಲ್ಲಿ ಬೆಣಚಿನ ಅಂಕ 7. ಚಾಕುವಿನ ಅಲಗಿಗೂ ಅದು ಗೀರು ಹಾಕಬಲ್ಲದು. ಪ್ಯಾಡಿಗೂ ಡಿಸ್ಕಿಗೂ ನಡುವೆ ಸಿಕ್ಕಿಕೊಂಡರೆ ಅದೇ ಪುಡಿ ಎರಡನ್ನೂ ಉಜ್ಜಿ ತೆಗೆಯುತ್ತದೆ. ಡಾಂಬರು ರಸ್ತೆಯಲ್ಲಿ ಸಾವಿರಾರು ಕಿಲೋಮೀಟರ್ ಬಾಳುವ ಪ್ಯಾಡ್ ಕೆಸರಿನಲ್ಲಿ ಬಹುಬೇಗ ಸವೆಯುವುದು ಇದರಿಂದಲೇ. ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಬೆಸೆದ ಸಿಂಟರ್ಡ್ ಪ್ಯಾಡ್, ರಾಳದಲ್ಲಿ ಕಟ್ಟಿದ ಆರ್ಗ್ಯಾನಿಕ್ ಪ್ಯಾಡಿಗಿಂತ ಇಲ್ಲಿ ಹೆಚ್ಚು ದಿನ ತಾಳುತ್ತದೆ.

ಪ್ಯಾಡಿನ ಕೆಲಸವೇನೂ ಹಗುರವಲ್ಲ. ಸವಾರನೂ ಸೇರಿ 230 ಕಿಲೋ ತೂಗುವ ಬೈಕು ಗಂಟೆಗೆ 72 ಕಿ.ಮೀ. ವೇಗದಲ್ಲಿ ಬರುತ್ತಿದ್ದರೆ ಅದರ ಚಲನಶಕ್ತಿ 46,000 ಜೂಲ್. ನಿಲ್ಲಬೇಕಾದರೆ ಇದರ ಬಹುಪಾಲು ಬ್ರೇಕಿನಲ್ಲಿ ಶಾಖವಾಗಬೇಕು. ಒಂದು ಲೋಟ ನೀರು, ಅಂದರೆ 150 ಮಿ.ಲೀ., ಕುದಿಯುವ ಹಂತಕ್ಕೆ ಬರಲು ಅಷ್ಟು ಶಾಖ ಸಾಕು.

ಹಳೆಯ ಡ್ರಮ್ ಬ್ರೇಕಿನಲ್ಲಿ ಸವೆತ ಕೈಗೇ ಗೊತ್ತಾಗುತ್ತಿತ್ತು. ಲಿವರ್ ದಿನೇದಿನೇ ಸಡಿಲವಾಗುತ್ತಿತ್ತು. ಡಿಸ್ಕ್ ಬ್ರೇಕ್ ಹಾಗಲ್ಲ. ಕ್ಯಾಲಿಪರ್‌ನೊಳಗಿನ ಪಿಸ್ಟನ್ನನ್ನು ಚೌಕ ಅಂಚಿನ ರಬ್ಬರ್ ಸೀಲ್ ಬಳಸಿ ನಿಂತಿರುತ್ತದೆ. ಬ್ರೇಕ್ ಹಿಡಿದಾಗ ಪಿಸ್ಟನ್ ಮುಂದೆ ಸರಿಯುತ್ತದೆ, ಅದರ ಜೊತೆ ಸೀಲ್ ಕೂಡ ಬಾಗುತ್ತದೆ. ಬಿಟ್ಟ ಕೂಡಲೇ ಸೀಲ್ ನೆಟ್ಟಗಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಸೀಲಿನೊಳಗೆ ತುಸು ಜಾರಿ ಮುಂದಿನ ಜಾಗದಲ್ಲಿ ನೆಲೆಯಾಗುತ್ತದೆ. ಪ್ಯಾಡಿಗೂ ಡಿಸ್ಕಿಗೂ ಇರುವ ಅಂತರ ಮಾತ್ರ ಬದಲಾಗುವುದಿಲ್ಲ. ಎಷ್ಟು ಚೊಕ್ಕ ಏರ್ಪಾಡು! ಆದರೆ ಇದರಿಂದಾಗಿಯೇ ಪ್ಯಾಡ್ ಮುಗಿಯುತ್ತ ಬಂದರೂ ಸವಾರನ ಬೆರಳಿಗೆ ಸುಳಿವು ಸಿಗುವುದಿಲ್ಲ. ಸುಳಿವು ಇರುವುದು ಹ್ಯಾಂಡಲ್ ಮೇಲಿನ ಪುಟ್ಟ ಡಬ್ಬಿಯಲ್ಲಿ. ಮುಂದೆ ಸರಿದ ಪಿಸ್ಟನ್ನಿನ ಹಿಂದಿನ ಜಾಗವನ್ನು ಬ್ರೇಕ್ ಆಯಿಲ್ ತುಂಬುವುದರಿಂದ ಡಬ್ಬಿಯ ಮಟ್ಟ ಇಳಿಯುತ್ತದೆ.

ಅದನ್ನು ಕಂಡು ಆಯಿಲ್ ತುಂಬಿಸುವ ಮೊದಲು ಪ್ಯಾಡಿನ ದಪ್ಪ ನೋಡಬೇಕು. ಉಜ್ಜುವ ಪದರ 1 ಮಿಲಿಮೀಟರಿಗೆ ಬಂದಿದ್ದರೆ ಎರಡೂ ಪ್ಯಾಡ್ ಒಟ್ಟಿಗೆ ಬದಲಿಸುವುದು ವಾಡಿಕೆ. ಇನ್ನೂ ತಡವಾದರೆ ಹಿಂಬದಿಯ ಉಕ್ಕಿನ ತಗಡೇ ಡಿಸ್ಕನ್ನು ಕೆರೆಯತೊಡಗುತ್ತದೆ. ಹೊಸ ಪ್ಯಾಡ್ ದಪ್ಪಗಿರುವುದರಿಂದ ಪಿಸ್ಟನ್ನನ್ನು ಒಳಕ್ಕೆ ಒತ್ತಬೇಕಾಗುತ್ತದೆ. ಆಗ ಆಯಿಲ್ ಡಬ್ಬಿಗೆ ಮರಳುತ್ತದೆ. ಡಬ್ಬಿ ಮೊದಲೇ ತುಂಬಿದ್ದರೆ ಉಕ್ಕಿ ಚೆಲ್ಲಿ ಬಣ್ಣವನ್ನು ಕಿತ್ತುಹಾಕುತ್ತದೆ.

ಅವಸರ ಸಲ್ಲದ ಗಳಿಗೆಯೂ ಇದೇ. ಪಿಸ್ಟನ್ನಿಗೆ ಅಂಟಿದ ಮಣ್ಣನ್ನು ತೊಳೆಯದೆ ಒಳಕ್ಕೆ ಒತ್ತಿದರೆ ಅದೇ ಬೆಣಚಿನ ಪುಡಿ ಸೀಲನ್ನು ಗೀರುತ್ತದೆ, ಆಮೇಲೆ ಆಯಿಲ್ ಸೋರುತ್ತದೆ. ಪ್ಯಾಡಿನ ಧೂಳನ್ನು ಬಾಯಿಂದಾಗಲಿ ಗಾಳಿ ಪಂಪಿನಿಂದಾಗಲಿ ಊದಬಾರದು, ಅದು ಶ್ವಾಸಕೋಶ ಸೇರುತ್ತದೆ.

ಎಲ್ಲ ಜೋಡಿಸಿದ ಮೇಲೆ ಮೊದಲ ಸಲ ಹಿಡಿದ ಲಿವರ್ ಪೊಳ್ಳಾಗಿ ಹಿಡಿಕೆಯವರೆಗೂ ಬರುತ್ತದೆ, ಏಕೆಂದರೆ ಪಿಸ್ಟನ್ ಇನ್ನೂ ದೂರದಲ್ಲಿದೆ. ಬೈಕು ನಿಂತಲ್ಲೇ ಇರುವಾಗ, ಲಿವರ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಬೇಕು. ಹೊಸ ಪ್ಯಾಡ್ ಕೂಡಲೇ ಪೂರ್ತಿ ಹಿಡಿತ ಕೊಡುವುದಿಲ್ಲ. ಸಮತಟ್ಟಾದ ಖಾಲಿ ಹಾದಿಯಲ್ಲಿ ಹತ್ತಾರು ಬಾರಿ ಮೆಲ್ಲಗೆ ಬ್ರೇಕ್ ಹಿಡಿದು ವೇಗ ಇಳಿಸುತ್ತಿದ್ದರೆ ಪ್ಯಾಡಿನ ತೆಳು ಪದರವೊಂದು ಡಿಸ್ಕಿನ ಮೇಲೆ ಕೂರುತ್ತದೆ. ಆ ಪದರ ಸಮನಾಗಿ ಹರಡಿದ ಮೇಲೆ ಬ್ರೇಕ್ ಇಳಿಜಾರಿಗೆ ಸಿದ್ಧ.