ಗರ್ಭದ ಕೂಸನ್ನು ಕಾಣಿಸುವ ಸದ್ದು

ವಿಠ್ಠಲವಾಡಿಯಲ್ಲಿ ನಾವು ಹತ್ತುವ ಲೋಕಲ್ ಗಾಡಿಯ ಹಳಿಗಳಲ್ಲಿ ಒಳಬಿರುಕುಂಟೇ ಎಂದು ರೇಲ್ವೆಯವರು ನೋಡುವುದು ಕಿವಿಗೆ ಕೇಳಿಸದ ಸದ್ದಿನಿಂದ. ಗರ್ಭದ ಕೂಸನ್ನು ತೋರಿಸುವುದೂ ಅಂಥದೇ ಸದ್ದು. ಅದರ ಮರುದನಿಯೇ ಚಿತ್ರವಾಗುತ್ತದೆ. ಲೋಹದ ಬಿರುಕು ಹುಡುಕುವ ಯಂತ್ರವನ್ನೇ ಹೊಟ್ಟೆಯ ಪರೀಕ್ಷೆಗೆ ತಿರುಗಿಸಿದವರು ಗ್ಲಾಸ್ಗೋದ ಡಾಕ್ಟರ್ ಇಯಾನ್ ಡೊನಾಲ್ಡ್. ಚಿತ್ರಗಳು ಪ್ರಕಟವಾದದ್ದು 1958ರಲ್ಲಿ.

ಏಳನೆಯ ವಾರದ ಹೊತ್ತಿಗೆ ಎದೆಬಡಿತ ಕಾಣುತ್ತದೆ. 18ರಿಂದ 20ನೆಯ ವಾರದ ತಪಾಸಣೆಯಲ್ಲಿ ಬೆನ್ನೆಲುಬು, ಹೃದಯದ ನಾಲ್ಕು ಕೋಣೆ, ತುಟಿಯನ್ನು ಸಹ ನೋಡುತ್ತಾರೆ. ಚೊಚ್ಚಿಲ ಬಸುರಿಯನ್ನು ಏಳರಲ್ಲಿ ತವರಿಗೆ ಕಳಿಸುವ ನಮ್ಮವರು ಇದನ್ನು ಇಲ್ಲಿಯೇ ಮುಗಿಸಿ, ಕಾಗದಗಳನ್ನು ಸೀರೆ-ಕುಬಸದ ಜೊತೆಗೇ ಕಟ್ಟಿಕೊಡಬೇಕು. ಊರಿನ ಡಾಕ್ಟರರು ಮೊದಲು ಕೇಳುವುದು ಅವನ್ನೇ.

ಅತ್ತೆಯಂದಿರು ಮಾತ್ರ “ಗಂಡೋ, ಹೆಣ್ಣೋ?” ಎಂದು ಕೇಳಬಾರದು. ಈ ಪರೀಕ್ಷೆಗೆ ದೇಶದಲ್ಲಿಯೇ ಮೊದಲು, 1988ರಲ್ಲಿ, ಕಾನೂನಿನ ಕಡಿವಾಣ ಹಾಕಿದ್ದು ಮಹಾರಾಷ್ಟ್ರ. 1994ರ ಕಾಯಿದೆಯಂತೆ ಹೇಳುವುದೂ ಅಪರಾಧ, ಕೇಳುವುದೂ ಅಪರಾಧ.